ಐದು ಹೆಸರಿನ ವಾರಿಜಕ್ಕ, ಬಿಟ್ಟುಹೋದ ಒಂದು ಸಾಲು

ಬೆಳಗಿನ ಐದು ಹನ್ನೊಂದು. ಡೊಂಬಿವಲಿ ಸ್ಟೇಷನ್ನಿನಲ್ಲಿ ಮುಂಬಯಿ ಕಡೆಗೆ ಹೋಗುವವರ ಪ್ಲಾಟ್‌ಫಾರ್ಮ್ ಆಗಲೇ ತುಂಬಿದೆ. ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು, ಗಾಡಿ ನಿಲ್ಲುವ ಮೊದಲೇ ಹಾರಲು ಸಜ್ಜಾಗಿ ನಿಂತಿದ್ದಾರೆ ಜನ. ಎದುರು ದಿಕ್ಕಿಗೆ, ಅಂಬರನಾಥಕ್ಕೆ ಹೊರಟ ಲೋಕಲ್ ಮಾತ್ರ ಅರ್ಧ ಖಾಲಿ. ಅದರ ಲೇಡೀಸ್ ಡಬ್ಬಿಯ ಕಿಟಕಿ ಪಕ್ಕದಲ್ಲಿ ಐವತ್ತೇಳು ವರ್ಷದ ವಾರಿಜಾ ಕೋಟ್ಯಾನ್ ಕೂತಿದ್ದಾರೆ. ತೊಡೆಯ ಮೇಲೆ ಮಕ್ಕಳು ಪರೀಕ್ಷೆಗೆ ಒಯ್ಯುವಂಥ ರಟ್ಟು, ಅದರ ಕ್ಲಿಪ್ಪಿಗೆ ಸಿಕ್ಕಿಸಿದ ಒಂದಷ್ಟು ಹಾಳೆ. ಹಾಳೆಯ ಒಂದು ಮಗ್ಗುಲಲ್ಲಿ ಕ್ಯಾಂಟೀನಿನ ಹಳೆಯ ಮೆನು, ಇನ್ನೊಂದು ಮಗ್ಗುಲು ಖಾಲಿ. ಗಾಡಿ ಹೊರಟದ್ದೇ ತಡ, ಖಾಲಿ ಮಗ್ಗುಲಿನ ನೆತ್ತಿಯಲ್ಲಿ 'ಬಾಗಿ' ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಾರೆ.

ಅಂಬರನಾಥ ತಲುಪಲು ಇಪ್ಪತ್ತೆರಡು ನಿಮಿಷ. ಠಾಕುರ್ಲಿ ದಾಟುವಷ್ಟರಲ್ಲಿ ಎರಡು ಸಾಲು ಇಳಿದಿದೆ. ಕಲ್ಯಾಣದಲ್ಲಿ ಮೀನಿನ ಬುಟ್ಟಿಯವರು ಹತ್ತುತ್ತಾರೆ, ಆಗ ಕಾಲು ಮಡಚಿಕೊಂಡು ಜಾಗ ಕೊಡಬೇಕು. ವಿಠ್ಠಲವಾಡಿ, ಉಲ್ಲಾಸನಗರ ಎನ್ನುವಾಗ ಪೆನ್ನು ಓಟ ಹಿಡಿಯುತ್ತದೆ. ಇಳಿಯುವ ಹೊತ್ತಿಗೆ ಒಂದು ಪುಟ ಆಗಿರಲೇಬೇಕು, ಯಾಕೆಂದರೆ ಆಮೇಲೆ ಮಧ್ಯಾಹ್ನ ಮೂರೂವರೆಯವರೆಗೆ ಉಸಿರಾಡಲೂ ಪುರುಸೊತ್ತಿಲ್ಲ. ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಅವರು ಮುಖ್ಯ ಅಡುಗೆಯವರು. ದಿನಕ್ಕೆ ಇನ್ನೂರ ಎಂಬತ್ತು ಜನರ ತಿಂಡಿ, ಊಟ. ಇಡ್ಲಿಯ ದಿನವಾದರೆ ಒಂಬೈನೂರು ಇಡ್ಲಿ. ಭಾನುವಾರ ಬಿಟ್ಟರೆ ಮೂವತ್ತೊಂದು ವರ್ಷದಿಂದ ಇದೇ ಗಾಡಿ, ಇದೇ ದಿಕ್ಕು.

ಬರವಣಿಗೆ ಶುರುವಾಗಿ ಇಪ್ಪತ್ತಾರು ವರ್ಷ. ಠಾಣೆಯ ಕನ್ನಡ ಸಂಘವೊಂದು ಹೊರತರುವ 'ಹೊಸ್ತಿಲು' ಎಂಬ ಪುಟ್ಟ ಮಾಸಿಕದಲ್ಲಿ ಇಲ್ಲಿಯವರೆಗೆ ಅವರ ಎಂಟುನೂರಕ್ಕೂ ಹೆಚ್ಚು ಬರಹಗಳು ಅಚ್ಚಾಗಿವೆ. ವಾರಿಜಾ ಎಂಬ ಹೆಸರಿನಲ್ಲಿ? ಕಳೆದ ತಿಂಗಳವರೆಗೆ ಒಂದೂ ಇಲ್ಲ. ಅಕ್ಕು, ಬಾಗಿ, ದಾನೇಶ್ವರಿ, ಸಂಗಮೇಶ, ಪುಂಡರೀಕಾಕ್ಷ. ಈ ಐವರ ಬೆನ್ನ ಹಿಂದೆ ಒಬ್ಬರೇ ಕೂತು ಬರೆಯುತ್ತಿದ್ದರು.

ಯಾಕಪ್ಪಾ ಇಷ್ಟು ಹೆಸರು ಎಂದು ಕೇಳಿದರೆ ವಾರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ. "ಇಡ್ಲಿ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡ್ಲಿಕ್ಕೆ ಆಗ್ತದಾ ಹೇಳಿ? ಒಂದೊಂದಕ್ಕೆ ಒಂದೊಂದು ಪಾತ್ರೆ ಬೇಕು. ಮತ್ತೆ, ಪತ್ರಿಕೆಗೆ ಬರೆಯುವವರಾದ್ರೂ ಎಲ್ಲಿದ್ದಾರೆ? ಒಂದೇ ಸಂಚಿಕೆಯಲ್ಲಿ ನಾಲ್ಕು ಕಡೆ ವಾರಿಜಾ ವಾರಿಜಾ ಅಂತ ಬಂದ್ರೆ ಜನ ನಗಾಡುದಿಲ್ವಾ?"

ಅಕ್ಕು ಅಡುಗೆಯ ಉಪಾಯ ಹೇಳುವಾಕೆ. ದೋಸೆ ಹಿಟ್ಟು ಹುಳಿಯಾದರೆ ಏನು ಮಾಡಬೇಕು, ಸೊಸೈಟಿಯ ನೀರು ನಿಂತ ದಿನ ಪಾತ್ರೆ ಹೇಗೆ ಉಳಿಸಬೇಕು, ಇತ್ಯಾದಿ. ದಾನೇಶ್ವರಿ ಅಪರೂಪಕ್ಕೊಂದು ಪದ್ಯ ಬರೆಯುತ್ತಾಳೆ. ಬಾಗಿ ಮಹಾ ಜಗಳಗಂಟಿ. ಅವಳ ಕೆಲಸ ಸಂಪಾದಕರಿಗೆ ಪತ್ರ ಬರೆದು ಉಳಿದ ನಾಲ್ವರನ್ನು ತರಾಟೆಗೆ ತೆಗೆದುಕೊಳ್ಳುವುದು. "ಪುಂಡರೀಕಾಕ್ಷರು ಕಳೆದ ತಿಂಗಳು ಹೊಳೆಯ ಬಗ್ಗೆ ಬರೆದು ನಮ್ಮನ್ನೆಲ್ಲ ಅಳಿಸಿದ್ದು ಸಾಕು, ಒಮ್ಮೆ ಡೊಂಬಿವಲಿಯ ಗಟಾರದ ಬಗ್ಗೆಯೂ ಬರೆಯಲಿ" ಎಂದು ಬಾಗಿ ಗುಡುಗಿದಾಗ, ಪುಂಡರೀಕಾಕ್ಷರ ಪರವಾಗಿ ಕಲ್ಯಾಣದಿಂದ ಇಬ್ಬರು, ನೆರೂಲಿನಿಂದ ಒಬ್ಬರು ಓದುಗರು ಕೋಪದಿಂದ ಉತ್ತರ ಬರೆದಿದ್ದರಂತೆ. ಆ ಪತ್ರಗಳನ್ನು ಓದಿ ವಾರಿಜಕ್ಕ ಗಾಡಿಯಲ್ಲೇ ಬಿದ್ದು ಬಿದ್ದು ನಕ್ಕಿದ್ದಾರೆ.

ಸಂಗಮೇಶನದ್ದು ಬೇರೆಯೇ ಕತೆ. ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಸತ್ಯಮ್ಮ ಕಲಬುರಗಿ ಕಡೆಯವರು. ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವುದು, ಕಟ್ಟಡದ ಹನ್ನೆರಡನೇ ಮಾಳಿಗೆಗೆ ಇಟ್ಟಿಗೆ ಹೊರುವುದು, ತಗಡಿನ ಮನೆಯಲ್ಲಿ ಹಸುಗೂಸನ್ನು ಬೆಳೆಸುವುದು, ಇದನ್ನೆಲ್ಲ ಈರುಳ್ಳಿ ಹೆಚ್ಚುತ್ತಾ ಅವರು ಹೇಳುತ್ತಾರೆ. ವಾರಿಜಕ್ಕ ಬರೆದು, ವಾಪಸು ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಕಳಿಸುತ್ತಾರೆ. "ಮಾತು ನಂದ್ರಿ, ಅಕ್ಷರ ಅಕ್ಕೋರ್ದು, ಹೆಸರು ನಮ್ಮ ತಮ್ಮಂದು" ಎನ್ನುತ್ತಾರೆ ಸತ್ಯಮ್ಮ. ಈ ತಮ್ಮ ಕಲ್ಯಾಣದಲ್ಲಿ ಲಾರಿಗೆ ಲೋಡಿಂಗ್ ಮಾಡುವವನು. "ಅಂವಗ ಓದಾಕ ಬರಲ್ರಿ. ಆದ್ರ ಜೋಡಿ ಮಂದಿ ರೈಟರ್ ಸಾಹೇಬ್ರ ಅಂತ ಕರೀತಾರಂತ ಅಂಗಿ ಕಿಸೇದಾಗ ಪೆನ್ ಇಟ್ಕೊಂಡ್ ಅಡ್ಡಾಡ್ತಾನ್ರಿ!"

ಈ ನಾಲ್ವರ ಗುಟ್ಟು ಗುಟ್ಟೇನೂ ಆಗಿರಲಿಲ್ಲ. ಕೋಟ್ಯಾನರ ಮನೆಯಾಕೆ ಪುರುಸೊತ್ತಿನಲ್ಲಿ ಏನೋ ಟೈಮ್‌ಪಾಸ್‌ಗೆ ಗೀಚುತ್ತಾರೆ ಎಂದು ಚಾಳಿನವರಿಗೂ ಗೊತ್ತಿತ್ತು, ಸಂಘದವರಿಗೂ ಗೊತ್ತಿತ್ತು. ಕಾರ್ಯಕ್ರಮಗಳಿಗೆ ಹೋದರೆ "ಬನ್ನಿ ಅಕ್ಕು ಬಾಯಿ, ಇವತ್ತಿನ ಪಲಾವಿಗೆ ಉಪ್ಪು ಸರಿ ಉಂಟಾ ನೋಡಿ" ಎಂದು ತಮಾಷೆ ಮಾಡಿ ಅಡುಗೆ ಕಡೆ ಕಳಿಸುತ್ತಿದ್ದರು. ಯಾರಿಗೂ ಗೊತ್ತಿಲ್ಲದೆ ಇದ್ದವನು ಪುಂಡರೀಕಾಕ್ಷ ಒಬ್ಬನೇ. ಎಲ್ಲರಿಗೂ ಬೇಕಾದವನೂ ಅವನೇ.

ಪುಂಡರೀಕಾಕ್ಷ ಹುಟ್ಟಿದ್ದು ಒಂದು ಕ್ಯಾಲೆಂಡರಿನಿಂದ. ಮೂಲ್ಕಿ ಹತ್ತಿರದ ಶಾಂಭವಿ ಹೊಳೆಯ ದಡದಿಂದ ಮದುವೆಯಾಗಿ ಬಂದ ಹುಡುಗಿಗೆ ಡೊಂಬಿವಲಿಯಲ್ಲಿ ಸಿಕ್ಕಿದ್ದು ಏಳು ಜನರ ಒಂದು ಖೋಲಿ. ಅಳಬೇಕೆನ್ನಿಸಿದರೆ ಅಳಲು ಒಂದು ಮೂಲೆ ಇಲ್ಲ. ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತಾಗ ಮುಖಕ್ಕೆ ನೀರು ಹಾಕಿಕೊಳ್ಳುವ ನೆಪದಲ್ಲಿ ಅತ್ತುಬಿಡುವ ಹೊಸ ಸೊಸೆಯ ಕತೆಯೊಂದನ್ನು ವಾರಿಜಕ್ಕ ಬರೆದರು. ಬರೆದವರ ಹೆಸರು ಹಾಕದೆ ಕ್ಯಾಂಟೀನಿನ ಲಕೋಟೆಯಲ್ಲಿ 'ಹೊಸ್ತಿಲು' ವಿಳಾಸಕ್ಕೆ ಕಳಿಸಿದರು. ಹೆದರಿಕೆ ಸಣ್ಣದಲ್ಲ, ಅತ್ತೆ 'ಹೊಸ್ತಿಲ'ನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಕನ್ನಡಕ ಏರಿಸಿ ಓದುವವರು.

ಹತ್ತು ದಿನ ಬಿಟ್ಟು ಕ್ಯಾಂಟೀನಿಗೆ ಒಬ್ಬರು ಬಂದರು. ಬಿಳಿ ಅಂಗಿ, ಬೆರಳ ತುದಿಗೆ ಶಾಯಿಯ ಕಲೆ. ಒಂದು ಪ್ಲೇಟು ಉಪ್ಪಿಟ್ಟು ತಿಂದು, ಲಕೋಟೆ ತೆಗೆದು, "ಇದು ಬರೆದವರು ಇಲ್ಲಿ ಯಾರು?" ಎಂದು ಕೇಳಿದರು. ಅವರೇ ಪ್ರೇಮನಾಥ ಸಾಲ್ಯಾನ್. ಠಾಣೆಯಲ್ಲಿ ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುವ ಚಿಕ್ಕ ಪ್ರೆಸ್ಸು ಇಟ್ಟುಕೊಂಡು, ಉಳಿದ ಜೀವವನ್ನೆಲ್ಲ 'ಹೊಸ್ತಿಲಿ'ಗೆ ಸುರಿದ ಸಂಪಾದಕರು.

"ನಾನು ಬರೆದದ್ದು, ಆದ್ರೆ ಹೆಸರು ಬೇಡ ಅಂದೆ" ಎಂದು ವಾರಿಜಕ್ಕ ನೆನಪಿಸಿಕೊಳ್ಳುತ್ತಾರೆ. "ಹೆಸರಿಲ್ಲದ ಕತೆ ಹಾಕ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ತಂದೆ ತಾಯಿ ಇಲ್ಲದ ಮಗು ಆಗ್ತದೆ ಅಂದ್ರು. ಮತ್ತೆ ಗೋಡೆಯ ಕಡೆ ನೋಡಿದ್ರು. ಅಲ್ಲಿ ವಿಷ್ಣುವಿನ ಕ್ಯಾಲೆಂಡರ್ ಇತ್ತು. ಪುಂಡರೀಕಾಕ್ಷ ಆಗಬಹುದಾ ಅಂತ ಕೇಳಿದ್ರು. ನನಗೆ ನಗು ಬಂತು. ಗಂಡಸಿನ ಹೆಸರಾದ್ರೆ ಯಾರಿಗೂ ಡೌಟ್ ಬರುದಿಲ್ಲ ಅಂತ ಹೂಂ ಅಂದುಬಿಟ್ಟೆ."

ಇನ್ನೊಂದು ಪೇಚು ಉಳಿಯಿತು. 'ಹೊಸ್ತಿಲಿ'ನ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದವನು ವಾರಿಜಕ್ಕನ ಗಂಡನ ಕಡೆಯ ನೆಂಟ, ಅದೇ ಚಾಳಿನಲ್ಲಿ ಮೂರು ಬಾಗಿಲು ಆಚೆ ಇದ್ದವನು, ವಾರಿಜಕ್ಕನ ಅಕ್ಷರದ ಗುರುತಿದ್ದವನು. ಅಕ್ಕುವಿನ ಅಡುಗೆ ಅವನ ಕೈಗೆ ಹೋದರೆ ತೊಂದರೆಯಿಲ್ಲ. ಸೊಸೆಯ ಕಣ್ಣೀರು ಹೋದರೆ ಸಂಜೆಯೊಳಗೆ ಮನೆಯಲ್ಲಿ ರಾಮಾಯಣ. ಅದಕ್ಕೆ ಪ್ರೇಮನಾಥರು ಒಂದು ದಾರಿ ಕಂಡುಕೊಂಡರು. ಪುಂಡರೀಕಾಕ್ಷನ ಬರಹ ಬಂದಾಗಲೆಲ್ಲ ಅದನ್ನು ತಮ್ಮ ಕೈಯಾರೆ ಬೇರೆ ಹಾಳೆಯಲ್ಲಿ ಪೂರ್ತಿ ನಕಲು ಮಾಡಿ ನೆಂಟನಿಗೆ ಕೊಡುವುದು, ಮೂಲವನ್ನು ಲಕೋಟೆಯಲ್ಲಿ ವಾರಿಜಕ್ಕನಿಗೆ ವಾಪಸು ಕಳಿಸುವುದು. ನೆಂಟ ಕೆಲಸ ಬಿಟ್ಟು ಹೋದ. ಅತ್ತೆಯೂ ತೀರಿಕೊಂಡರು. ಪ್ರೇಮನಾಥರು ಮಾತ್ರ ನಕಲು ಮಾಡುವುದನ್ನು ಬಿಡಲಿಲ್ಲ. ಕೈಯಲ್ಲಿ ಬರೆದರೆ ಬರಹ ಮೈಗೆ ಹತ್ತುತ್ತದೆ ಎನ್ನುತ್ತಿದ್ದರಂತೆ.

ಹಾಗಾದರೆ ಅತ್ತೆ ಹೋದ ಮೇಲಾದರೂ ಹೆಸರು ಹೇಳಬಹುದಿತ್ತಲ್ಲ? ವಾರಿಜಕ್ಕ ತಲೆಯಾಡಿಸುತ್ತಾರೆ. "ವಾರಿಜಾನ ಹತ್ರ ಯಾರೂ ಎಂತದ್ದೂ ಕೇಳುದಿಲ್ಲ, ಉಪ್ಪು ಸರಿ ಉಂಟಾ ಅಂತ ಬಿಟ್ಟರೆ. ಪುಂಡರೀಕಾಕ್ಷ ಮಾತಾಡಿದ್ರೆ ಜನ ಕೂತು ಕೇಳ್ತಿದ್ರು. ಆ ಹೆಸರಿನಲ್ಲಿ ನಾನು ಊರಿಗೆ ಹೋಗಿ ಬರ್ತಿದ್ದೆ. ಹಾಳೆಯ ಮೇಲೆ ಆ ಹೆಸರು ಬರೆದ ಕೂಡ್ಲೇ ಅವನು ಬಂದು ಪಕ್ಕದಲ್ಲಿ ಕೂರ್ತಿದ್ದ, ಹೊಳೆಯ ವಾಸನೆ ಬರ್ತಿತ್ತು. ಮತ್ತೆ ಯಾಕೆ ಬಿಡ್ಲಿ?" ಮಗಳು ರಮಿತಾ ಕಾಲೇಜಿಗೆ ಹೋಗುತ್ತಿದ್ದಾಗ ಪುಂಡರೀಕಾಕ್ಷನ ಹೆಸರಿಗೆ ಬಂದ ಕಾಗದಗಳ ಕಟ್ಟೊಂದು ಸಿಕ್ಕಿ, ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿದ್ದ ಹೆಸರು ಓದಿ, "ಮಮ್ಮೀ, ಹಾ ಕೋಣ್? ತುಝಾ ಬಾಯ್‌ಫ್ರೆಂಡ್ ಆಹೇ ಕಾ?" ಯಾರಿವನು, ನಿನ್ನ ಬಾಯ್‌ಫ್ರೆಂಡಾ, ಎಂದು ಮರಾಠಿಯಲ್ಲಿ ಛೇಡಿಸಿದ್ದಳು. ಕನ್ನಡ ಓದಲು ಬಾರದ ಮಗಳ ಕೈಯಿಂದ ವಾರಿಜಕ್ಕ ಕಟ್ಟನ್ನು ತೆಗೆದುಕೊಂಡು ಮತ್ತೆ ಒಳಗಿಟ್ಟರು.

ಬರಹ ಅಂಚೆಯಲ್ಲಿ ಹೋಗಿ ತಲುಪಿದ ಮರುದಿನ, ತಿಂಡಿಯ ಗಲಾಟೆ ಮುಗಿದ ಹತ್ತು ಗಂಟೆಗೆ ಕ್ಯಾಂಟೀನಿನ ಫೋನು ಬಡಿದುಕೊಳ್ಳುತ್ತಿತ್ತು. ಪ್ರೇಮನಾಥರು ಹೇಳುತ್ತಿದ್ದದ್ದು ಎರಡೇ ಮಾತು: "ಬಂತು. ಓದಿದೆ." ಚೆನ್ನಾಗಿದೆ ಎಂದೂ ಇಲ್ಲ, ಚೆನ್ನಾಗಿಲ್ಲ ಎಂದೂ ಇಲ್ಲ. ಸ್ವರ ಕೇಳಿಯೇ ವಾರಿಜಕ್ಕನಿಗೆ ತಿಳಿಯುತ್ತಿತ್ತು. ಸ್ವರ ಸ್ವಲ್ಪ ತಗ್ಗಿದ್ದರೆ ಬರಹ ಗೆದ್ದಿದೆ ಎಂದು ಲೆಕ್ಕ. ಇಪ್ಪತ್ತೈದು ವರ್ಷದಲ್ಲಿ ಅವರಿಬ್ಬರು ಎದುರೆದುರು ಕೂತು ಮಾತಾಡಿದ್ದು ಹೆಚ್ಚೆಂದರೆ ಹತ್ತು ಸಲ.

ಒಮ್ಮೆ ಮಾತ್ರ ಜಗಳವಾಗಿತ್ತು. ಪುಂಡರೀಕಾಕ್ಷ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವುದರ ಬಗ್ಗೆ ಬರೆದಿದ್ದ. ಹೊಳೆಯಲ್ಲಿ ಇಳಿತವಾದಾಗ ಹೆಂಗಸರು ಸೀರೆ ಎತ್ತಿ ಸಿಕ್ಕಿಸಿ, ಕೆಸರಿನೊಳಗೆ ಕಾಲ ಬೆರಳಿನಿಂದಲೇ ಚಿಪ್ಪು ತಡವಿ ಹುಡುಕುವ ಬಗೆ, ಬೆನ್ನು ನೋಯುವಾಗ ಹೇಳುವ ಪೋಲಿ ಮಾತುಗಳು, ಎಲ್ಲ ಅದರಲ್ಲಿತ್ತು. ಅಚ್ಚಾದಾಗ ಕೊನೆಯ ಸಾಲು ಮಾಯ. "ನೀರು ತಿರುಗುವ ಮೊದಲು ದಡ ಸೇರಬೇಕು" ಎಂಬಲ್ಲಿಗೇ ನಿಂತಿತ್ತು. ಕೆಳಗೆ ಕಲ್ಯಾಣದ ಹೊಸ ಹೋಟೆಲೊಂದರ ಜಾಹೀರಾತು ನಗುತ್ತಿತ್ತು. ಜಾಗ ಸಾಲದೆ ಒಂದು ಸಾಲು ತೆಗೆದೆ ಎಂದು ಪ್ರೇಮನಾಥರು ಒಪ್ಪಿಕೊಂಡರು. "ಮೂರು ಪುಟ ಬರೆದದ್ದೇ ಆ ಒಂದು ಸಾಲಿಗಾಗಿ!" ಎಂದು ವಾರಿಜಕ್ಕ ಫೋನು ಕುಕ್ಕಿ, ಎರಡು ತಿಂಗಳು ಏನೂ ಕಳಿಸದೆ ಮುನಿಸಿಕೊಂಡಿದ್ದರು. ಪುಸ್ತಕ ಮಾಡುವಾಗ ಸೇರಿಸುತ್ತೇನೆ ಎಂದು ಪ್ರೇಮನಾಥರು ಮಾತು ಕೊಟ್ಟ ಮೇಲೆ ರಾಜಿಯಾಯಿತು.

ಪುಸ್ತಕ ಆಗಲಿಲ್ಲ. ಹೋದ ವರ್ಷ ಫೆಬ್ರವರಿಯಲ್ಲಿ, ಪ್ರೆಸ್ಸಿನ ಮೆಟ್ಟಿಲಲ್ಲೇ ಎದೆ ನೋವೆಂದು ಕುಸಿದು ಪ್ರೇಮನಾಥರು ಹೋಗಿಬಿಟ್ಟರು. ಆ ವಾರ ಗಾಡಿಯಲ್ಲಿ ಕೂತು ವಾರಿಜಕ್ಕ ಹಾಳೆಯ ನೆತ್ತಿಯಲ್ಲಿ 'ಪುಂಡರೀಕಾಕ್ಷ' ಎಂದು ಬರೆದರು. ಕಲ್ಯಾಣ ಬಂತು, ಅಂಬರನಾಥವೂ ಬಂತು. ಅವನು ಬರಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಅಕ್ಕು, ಬಾಗಿ ಹೇಗೋ ನಡೆದರು. ಪುಂಡರೀಕಾಕ್ಷನ ಪುಟ 'ಹೊಸ್ತಿಲಿ'ನಲ್ಲಿ ನಿಂತೇ ಹೋಯಿತು. "ಹತ್ತು ಗಂಟೆ ಆದ ಕೂಡ್ಲೇ ಫೋನಿನ ಕಡೆ ನೋಡುದು ಒಂದು ಚಟ ಆಗಿಬಿಟ್ಟಿದೆ" ಎನ್ನುತ್ತಾರೆ. "ಐದು ಹೆಸರಿನಲ್ಲಿ ಬರೆದೆ. ಐದರಲ್ಲೂ ಇರುವುದು ವಾರಿಜಾ ಅಂತ ಗೊತ್ತಿದ್ದು ಓದಿದವರು ಒಬ್ಬರೇ ಅಲ್ವಾ?"

ಇಲ್ಲಿಂದ ಮುಂದಿನದ್ದನ್ನು ಹೇಳಲು ವಾರಿಜಕ್ಕನಿಗೆ ಇಷ್ಟವೇ ಇರಲಿಲ್ಲ. ಈ ಫೆಬ್ರವರಿಯಲ್ಲಿ ಠಾಣೆಯ ಸಭಾಗೃಹವೊಂದರಲ್ಲಿ ಪ್ರೇಮನಾಥರ ಮೊದಲ ವರ್ಷದ ಸ್ಮರಣೆ. ಹೊಸ ಸಂಪಾದಕ ಮನೀಶ್, ಐರೋಲಿಯ ಐಟಿ ಕಂಪನಿಯಲ್ಲಿ ದುಡಿದು ಭಾನುವಾರಗಳನ್ನು ಪತ್ರಿಕೆಗೆ ಕೊಡುವ ಒಳ್ಳೆಯ ಮನುಷ್ಯ, ವೇದಿಕೆಯಲ್ಲಿ ಒಂದು ದಪ್ಪ ಕಟ್ಟನ್ನು ಎತ್ತಿ ಹಿಡಿದರು. "ಪುಂಡರೀಕಾಕ್ಷ ಯಾರು ಅಂತ ಇಷ್ಟು ವರ್ಷ ತಲೆ ಕೆಡಿಸಿಕೊಂಡ್ವಿ. ಪ್ರೆಸ್ಸಿನ ಕಪಾಟಲ್ಲಿ ಇದು ಸಿಕ್ತು. ಎಲ್ಲ ಬರಹವೂ ಪ್ರೇಮನಾಥ ಮಾಮನ ಸ್ವಂತ ಕೈಬರಹದಲ್ಲಿ ಇದೆ. ಮಾಮ ಹೋದ ತಿಂಗಳೇ ಆ ಅಂಕಣ ನಿಂತಿತು ಅನ್ನೋದು ನಮಗೆ ಆಗ ಹೊಳೀಲೇ ಇಲ್ಲ. ನಮ್ಮ ಪುಂಡರೀಕಾಕ್ಷ ನಮ್ಮ ನಡುವೆಯೇ ಇದ್ರು!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಪ್ರೇಮನಾಥರ ಪತ್ನಿ ರತ್ನಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಪ್ರೇಮನಾಥರ ಭಾವಚಿತ್ರವನ್ನೇ ಮುಖಪುಟ ಮಾಡಿ ಪುಂಡರೀಕಾಕ್ಷನ ಆಯ್ದ ಬರಹಗಳ ಪುಸ್ತಕ ತರುವುದಾಗಿ ಘೋಷಣೆಯೂ ಆಯಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ವಾರಿಜಕ್ಕನ ಕಡೆ ತಿರುಗಿ ನೋಡುವ ಕಾರಣ ಯಾರಿಗೂ ಇರಲಿಲ್ಲ. "ನಾನೂ ಚಪ್ಪಾಳೆ ತಟ್ಟಿದೆ. ಎಂತ ಮಾಡುದು, ಕೈ ತನ್ನಷ್ಟಕ್ಕೆ ತಟ್ಟಿತು. ಮನೆಗೆ ಬಂದ ಮೇಲೆ ಮಾತ್ರ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳ್ಲಿ. ಅವರ ಮೇಲೆ ಅಲ್ಲ, ಮನೀಶನ ಮೇಲೆಯೂ ಅಲ್ಲ. ನನ್ನ ಹೊಳೆ, ನನ್ನ ಮರುವಾಯಿ, ನನ್ನ ಕಾಲಿನ ಕೆಸರು. ಅದನ್ನೂ ಕೊಟ್ಟುಬಿಡ್ಬೇಕಾ?"

ಬಾಯಿ ಬಿಟ್ಟರೆ ಯಾರು ನಂಬುತ್ತಾರೆ? ದೋಸೆ ಹಿಟ್ಟಿನ ಅಕ್ಕು ಪುಂಡರೀಕಾಕ್ಷನಂತೆ! ನಂಬಿದರೆ ಅದು ಇನ್ನೂ ಕಷ್ಟ. ಬೇರೆಯವರು ಬರೆದದ್ದನ್ನು ತನ್ನ ಕಪಾಟಿನಲ್ಲಿಟ್ಟುಕೊಂಡ ಮನುಷ್ಯ ಎಂದು ಸತ್ತವರ ಮೇಲೆ ಮಾತು ಬರುತ್ತದೆ. ಆದರೆ ವಾರಿಜಕ್ಕನ ಮಂಚದಡಿಯಲ್ಲಿ ಒಂದು ತಗಡಿನ ಬಿಸ್ಕೆಟ್ ಡಬ್ಬಿ ಇತ್ತು. ಪ್ರೇಮನಾಥರು ವಾಪಸು ಕಳಿಸಿದ ಅಷ್ಟೂ ಮೂಲ ಹಾಳೆಗಳು ಅದರೊಳಗೆ, ಒಂದು ಮಗ್ಗುಲಲ್ಲಿ ಮೆನು, ಇನ್ನೊಂದರಲ್ಲಿ ಹೊಳೆ. ಎಂಟು ತಿಂಗಳು ಆ ಡಬ್ಬಿಯ ಮೇಲೆಯೇ ಮಲಗಿದರು. ಮುಖಪುಟ ತಯಾರಾಗಿದೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದ ಭಾನುವಾರ, ಅಕ್ಟೋಬರಿನಲ್ಲಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಠಾಣೆಯ ಗಾಡಿ ಹತ್ತಿದರು. ಯಾವಾಗಲೂ ಹೋಗುವ ದಿಕ್ಕು ಬಿಟ್ಟು ಇದಿರು ದಿಕ್ಕು, ನಿಲ್ಲಲೂ ಜಾಗವಿಲ್ಲ. ಮುಂಬ್ರಾ ಹತ್ತಿರ ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ ಇಳಿತವಾಗಿ ಕೆಸರು ಹೊಳೆಯುತ್ತಿತ್ತು. ಯಾರದೋ ಕಂಕುಳ ಸಂದಿಯಿಂದ ಅದನ್ನೇ ನೋಡುತ್ತಾ ನಿಂತರಂತೆ. ಮೊದಲು ರತ್ನಾವತಿಯವರಿಗೆ ಹೇಳಬೇಕು, ಆಮೇಲೆ ಸಂಘಕ್ಕೆ. ಅವರಿಂದ ಮುಚ್ಚಿಟ್ಟು ಮಾಡುವುದು ನ್ಯಾಯವಲ್ಲ ಎಂದಷ್ಟೇ ತಲೆಯಲ್ಲಿತ್ತು.

ಬಾಗಿಲು ತೆರೆದ ರತ್ನಾವತಿ "ಅಯ್ಯೋ, ಅಕ್ಕು ಬಾಯಿ! ಬನ್ನಿ ಬನ್ನಿ" ಎಂದು ಕೈಹಿಡಿದು ಒಳಗೆ ಕರೆದರು. ಮಾಲೆ ಹಾಕಿದ ಫೋಟೋ, ಅದರ ಪಕ್ಕಕ್ಕೆ ಒರಗಿಸಿಟ್ಟ ಮುಖಪುಟದ ಪ್ರತಿ. ಪ್ರೇಮನಾಥರ ನಗುಮುಖ, ಕೆಳಗೆ ದೊಡ್ಡ ಅಕ್ಷರದಲ್ಲಿ ಪುಂಡರೀಕಾಕ್ಷ. ನೋಡಿದ ಕೂಡಲೇ ವಾರಿಜಕ್ಕನ ಧೈರ್ಯವೆಲ್ಲ ಸೋರಿಹೋಯಿತು. ಚೀಲವನ್ನು ಕಾಲ ಬಳಿ ಇಟ್ಟು ಕೂತರು.

ರತ್ನಾವತಿ ಚಹಾ ತಂದರು, ಮಾತಿಗೆ ಕೂತರು. ಗಂಡ ಪ್ರತಿ ತಿಂಗಳು ಪುಂಡರೀಕಾಕ್ಷನ ಬರಹವನ್ನು ಅಚ್ಚಿಗೆ ಕೊಡುವ ಮೊದಲು ತನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು ಎಂದರು. "ನನಗೆ ಮರುವಾಯಿದು ಅಂದ್ರೆ ಭಾರಿ ಇಷ್ಟ. ಬಾಯಿಪಾಠ ಉಂಟು" ಎಂದು ಕಣ್ಣು ಮುಚ್ಚಿ ಕೊನೆಯ ಭಾಗ ಹೇಳತೊಡಗಿದರು. "ನೀರು ತಿರುಗುವ ಮೊದಲು ದಡ ಸೇರಬೇಕು..." ಅಷ್ಟಕ್ಕೆ ನಿಂತರು. ಮುಂದೆ ಏನೋ ಇದೆ, ತುಟಿಯವರೆಗೆ ಬಂದು ಸಿಗುತ್ತಿಲ್ಲ ಎನ್ನುವ ಹಾಗೆ ಕೈಯಾಡಿಸಿದರು.

ವಾರಿಜಕ್ಕನ ಬಾಯಿಂದ ಅದು ತಾನಾಗಿ ಬಂದುಬಿಟ್ಟಿತು: "ಸೇರಿದ ಮೇಲೂ ಕಾಲು ಹೊಳೆಯಲ್ಲೇ ಇರುತ್ತದೆ."

ರತ್ನಾವತಿ ಕಣ್ಣು ತೆರೆದರು. ಆ ಸಾಲು ಎಲ್ಲೂ ಅಚ್ಚಾಗಿಲ್ಲ. ಗಂಡನ ನಕಲು ಪ್ರತಿಯಲ್ಲೂ ಇಲ್ಲ, ಜಾಹೀರಾತಿಗೆ ಜಾಗ ಮಾಡಲು ಅವರು ಅದನ್ನು ಬಿಟ್ಟೇ ಬರೆದುಕೊಂಡಿದ್ದರು. ಮೂಲ ಹಾಳೆಯಿಂದ ಒಂದೇ ಒಂದು ಸಲ ಓದಿ ಹೇಳಿದ್ದನ್ನು ಕೇಳಿದವರು ತಾನೊಬ್ಬಳು. ಬರೆದವರೊಬ್ಬರು ಮಾತ್ರ ಅದನ್ನು ಹೇಳಬಲ್ಲರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ರತ್ನಾವತಿ ಎದ್ದು, ಚಹಾ ತಣ್ಣಗಾಯಿತು, ಇನ್ನೊಂದು ಮಾಡುತ್ತೇನೆ ಎಂದು ಒಳಗೆ ಹೋದರು. ಬಹಳ ಹೊತ್ತು ಅಲ್ಲೇ ಇದ್ದರು.

ಹೊರಗೆ ಬಂದವರು ಚೀಲದ ಕಡೆ ಕೈ ತೋರಿಸಿದರು. "ಡಬ್ಬಿಯಲ್ಲಿ ಎಂತ ಉಂಟು?"

"ಚಕ್ಕುಲಿ."

"ಚಕ್ಕುಲಿ ಆದ್ರೆ ಶಬ್ದ ಬರ್ತದೆ. ತೆಗೀರಿ."

ತೆಗೆದರು. ರತ್ನಾವತಿ ಒಂದೊಂದೇ ಹಾಳೆ ತಿರುಗಿಸುತ್ತಾ ಹೋದರು, ಒಂದು ಕಡೆ ಸೋಮವಾರ ಪೋಹೆ, ಮಂಗಳವಾರ ಇಡ್ಲಿ. ಇನ್ನೊಂದು ಕಡೆ ತಮಗೆ ಬಾಯಿಪಾಠ ಇರುವ ಮಾತುಗಳು. ಕೊನೆಗೆ ಹೇಳಿದ್ದು ಇಷ್ಟು: "ಅವರು ಬರೆದದ್ದಲ್ಲ ಅಂತ ನನಗೆ ಗೊತ್ತಿತ್ತು. ಠಾಣೆಯಲ್ಲಿ ಹುಟ್ಟಿದ ಜನ, ಊರಿಗೆ ಹೋದದ್ದು ನಾಲ್ಕೋ ಐದೋ ಸಲ, ಕೆಸರು ಕಂಡ್ರೆ ಚಪ್ಪಲಿ ಕೈಯಲ್ಲಿ ಹಿಡಿಯುವವರು. ಯಾರು ಬರೆಯುದು ಅಂತ ಕೇಳಿದ್ರೆ, ಒಬ್ಬರು ಅಂತ ಹೇಳ್ತಿದ್ರು. ತಿಂಗಳಿಗೊಮ್ಮೆ ಹತ್ತು ಗಂಟೆಗೆ ಯಾರಿಗೋ ಫೋನ್ ಮಾಡಿ ಎರಡು ಮಾತು ಹೇಳಿ ಇಡ್ತಿದ್ರು. ಹೆಂಗಸು ಅಂತ ಮರುವಾಯಿ ಓದಿದ ದಿನವೇ ಗೊತ್ತಾಯ್ತು. ಸಭೆಯಲ್ಲಿ ಎಲ್ಲ ಇವರೇ ಅಂದಾಗ ನಾನು ಅಲ್ಲ ಅನ್ನಲಿಲ್ಲ. ತಪ್ಪು ನನ್ನದು. ಬರೆದದ್ದು ನೀವು. ಆದ್ರೆ ನನ್ನ ಕಿವಿಗೆ ಬಿದ್ದದ್ದು ಅವರ ಸ್ವರ. ಆ ಪುಸ್ತಕ ಬಿಡಿಸಿದ್ರೆ ಸ್ವರ ಕೇಳ್ತದೆ ಅಂತ ಆಸೆ ಆಯ್ತು."

ವಾರಿಜಕ್ಕ ಅಂದು ಅತ್ತರು, ರತ್ನಾವತಿಯೂ ಅತ್ತರು. ಒಬ್ಬರಿಗೆ ಗಂಡ ಹೋಗಿದ್ದ, ಇನ್ನೊಬ್ಬರಿಗೆ ಓದುಗ. ಫೋಟೋದಲ್ಲಿದ್ದವರು ಇಬ್ಬರಿಗೂ ಒಬ್ಬರೇ. ಪುಸ್ತಕ ಹಾಗೆಯೇ ಬರಲಿ ಎಂದು ವಾರಿಜಕ್ಕ ಡಬ್ಬಿ ಮುಚ್ಚಲು ಹೋದಾಗ ರತ್ನಾವತಿ ಮುಚ್ಚಳ ಕೊಡಲಿಲ್ಲ. ಮರುದಿನ ಅವರೇ ಡಬ್ಬಿ ಹೊತ್ತುಕೊಂಡು ಮನೀಶರ ಮುಂದೆ ಇಟ್ಟರು. "ಅಕ್ಷರ ನೋಡಿ ನಂಬಿಬಿಟ್ವಿ. ಒಂದು ಮಾತು ಯಾರನ್ನಾದ್ರೂ ಕೇಳಬೇಕಿತ್ತು" ಎಂದು ಮನೀಶ್ ಈಗ ತಲೆ ಕೆರೆದುಕೊಳ್ಳುತ್ತಾರೆ. ನೀವು ಓದುತ್ತಿರುವ ಈ ಪತ್ರಿಕೆಗೆ ಫೋನ್ ಮಾಡಿ, ಅಂಬರನಾಥದಲ್ಲಿ ಒಬ್ಬರಿದ್ದಾರೆ, ಅವರ ಬಗ್ಗೆ ಬರೆಯಿರಿ, ನಡೆದದ್ದು ನಡೆದ ಹಾಗೆ ಬರೆಯಿರಿ, ನನ್ನ ಹೆಸರೂ ಇರಲಿ ಎಂದು ಹೇಳಿದವರೂ ರತ್ನಾವತಿಯವರೇ.

ಮುಖಪುಟ ಬದಲಾಗಿದೆ. ಪುಂಡರೀಕಾಕ್ಷ ಎಂಬ ಹೆಸರು ಹಾಗೆಯೇ ಉಳಿದಿದೆ, ಫೋಟೋ ಇಲ್ಲ. ಒಳಪುಟದಲ್ಲಿ 'ಬರೆದವರು: ವಾರಿಜಾ ಕೋಟ್ಯಾನ್. ಮೊದಲು ಓದಿದವರು: ಪ್ರೇಮನಾಥ ಸಾಲ್ಯಾನ್' ಎಂದಿದೆ. ಇನ್ನೇನು ಬೇಕು ಎಂದು ಮನೀಶ್ ಕೇಳಿದಾಗ ವಾರಿಜಕ್ಕ ಕೇಳಿದ್ದು ಒಂದೇ: "ಆ ಸಾಲು ಸೇರಿಸಿ. ಜಾಗ ಇಲ್ಲದಿದ್ರೆ ಬೇರೆ ಎಂತಾದ್ರೂ ತೆಗೀರಿ." ಜಾಗ ಇದೆ, ಈ ಸಲ ಜಾಹೀರಾತಿಲ್ಲ ಎಂದು ಮನೀಶ್ ನಗುತ್ತಾರೆ.

ಆದರೂ ಗಾಡಿಯಲ್ಲಿ ಪುಂಡರೀಕಾಕ್ಷ ಇನ್ನೂ ಬಂದು ಕೂತಿಲ್ಲ. ನವೆಂಬರಿನ ಒಂದು ಬೆಳಗ್ಗೆ ಅವನಿಗಾಗಿ ಕಾದು ಕಾದು ಸಾಕಾಗಿ, ವಾರಿಜಕ್ಕ ಹಾಳೆಯ ನೆತ್ತಿಯಲ್ಲಿ ಮೊದಲ ಬಾರಿಗೆ 'ವಾರಿಜಾ' ಎಂದು ಬರೆದರು. ಯಾರದೋ ಹೊಸ ಹೆಸರು ಬರೆದ ಹಾಗಾಯಿತಂತೆ. ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಸಾಕು ಎಂದು ಮನೀಶ್ ನೂರು ಸಲ ಹೇಳಿದ್ದಾರೆ. ವಾರಿಜಕ್ಕ ಕೇಳಲಿಲ್ಲ. ನಾಲ್ಕು ದಿನದ ಬರಹವನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಠಾಣೆಯ ಅದೇ ಹಳೆಯ ವಿಳಾಸ, ಪ್ರೇಮನಾಥರ ಮನೆಯದ್ದೇ, ಬರೆದು ಅಂಚೆಗೆ ಹಾಕಿದರು. ಯಾರಿಗೂ ಹೇಳಲಿಲ್ಲ, ಉತ್ತರವನ್ನೂ ನಿರೀಕ್ಷಿಸಲಿಲ್ಲ ಎನ್ನುತ್ತಾರೆ. ಅದೊಂದು ಮಾತು ಮಾತ್ರ ಅಷ್ಟು ನಂಬುವ ಹಾಗಿಲ್ಲ.

ಶುಕ್ರವಾರ. ತಿಂಡಿಯ ಗಲಾಟೆ ಮುಗಿದಿದೆ. ಸತ್ಯಮ್ಮ ಮಧ್ಯಾಹ್ನದ ಸಾಂಬಾರಿಗೆ ಸೋರೆಕಾಯಿ ಹೆಚ್ಚುತ್ತಿದ್ದಾರೆ. ಹತ್ತು ಗಂಟೆ ಎರಡು ನಿಮಿಷಕ್ಕೆ, ಹಿಟ್ಟಿನ ಡಬ್ಬದ ಮೇಲಿಟ್ಟ ವಾರಿಜಕ್ಕನ ಮೊಬೈಲು ಬಡಿದುಕೊಳ್ಳುತ್ತದೆ. ಅವರು ಒದ್ದೆ ಕೈಯಲ್ಲೇ ಎತ್ತಿಕೊಳ್ಳುತ್ತಾರೆ. ಆ ಕಡೆಯಿಂದ ರತ್ನಾವತಿಯವರ ಸ್ವರ, ಸ್ವಲ್ಪ ತಗ್ಗಿದ ಸ್ವರ.

"ಬಂತು. ಓದಿದೆ."

ಅಷ್ಟೇ. ಫೋನು ಇಟ್ಟದ್ದೂ ಆಯಿತು. ವಾರಿಜಕ್ಕ ಮೊಬೈಲನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಾರೆ. ಒಲೆಯ ಮೇಲೆ ಬೇಳೆ ಉಕ್ಕುತ್ತದೆ.

"ಯಾರ್ದ್ರೀ ಅಕ್ಕೋರ ಫೋನು? ಪುಂಡರೀಕಾಕ್ಷಂದೇನು?" ಸತ್ಯಮ್ಮ ಚಾಕು ನಿಲ್ಲಿಸಿ ಕೇಳುತ್ತಾರೆ.

"ಅಲ್ಲ" ಎಂದು ವಾರಿಜಕ್ಕ ಒಲೆ ಸಣ್ಣ ಮಾಡುತ್ತಾರೆ. "ನನ್ನ ಹೆಸರಿಗೇ ಬಂದದ್ದು."